ಹನ್ನೊಂದನೆಯ ಬಟ್ಟಲು

ಮಾರ್ಚ್ ೧೧, ಮಂಗಳವಾರ

ಪುಟ್ಟಿಯ ಅಪ್ಪನವರಿಗೆ,

ನಮಸ್ಕಾರ. ಏನೆಂದು ಕರೆದು ಬರೆಯಲಿ ಎಂದು ತೋಚದೆ ಎರಡು ಹಾಳೆ ಹರಿದು ಹಾಕಿದೆ. ಕೊನೆಗೆ ಮಗಳೇ ದಿಕ್ಕಾದಳು. ಮೂರು ವರ್ಷದ ಮೇಲೆ ಬರೆಯುತ್ತಿರುವುದು ಕೆಲಸದ ವಿಷಯಕ್ಕೆ. ಓದಿ ಮುಗಿಸದೆ ಮಡಚಿಡಬೇಡಿ.

ಇಲ್ಲಿಯ ಅರಮನೆಯ ಸಭಾಂಗಣದ ತೂಗುದೀಪದ ದುರಸ್ತಿ ಒಪ್ಪಿಕೊಂಡಿದ್ದೇನೆ. ಮೂರು ಅಂತಸ್ತು, ಇಪ್ಪತ್ತನಾಲ್ಕು ಹಿತ್ತಾಳೆ ತೋಳು, ಪ್ರತಿ ತೋಳಿನ ತುದಿಗೂ ಮೇಣದ ಹನಿ ಹಿಡಿಯಲು ಒಂದು ಗಾಜಿನ ಬಟ್ಟಲು. ಸರಪಳಿ ಇಳಿಸಿ ಸೊಂಟದೆತ್ತರಕ್ಕೆ ನಿಲ್ಲಿಸಿಕೊಂಡಿದ್ದೇವೆ. ತೋಳುಗಳಿಂದ ತೂಗುವ ಗಾಜಿನ ಲೋಲಕಗಳನ್ನೆಲ್ಲ ಬಿಚ್ಚಿ ತೊಳೆದಾಯಿತು. ಯಾವ ಕಾಲದ್ದೋ ಹೊಗೆಮಸಿ ಹೋದ ಮೇಲೆ ಗಾಜು ತಿಳಿ ನೇರಳೆಯೆಂದು ಗೊತ್ತಾಯಿತು. ನೀವಿದ್ದಿದ್ದರೆ "ಸರಿ, ಈಗ ಹಿತ್ತಾಳೆ ನೋಡು" ಎನ್ನುತ್ತಿದ್ದಿರಿ.

ಹಿತ್ತಾಳೆಯದೇ ತೊಂದರೆ. ನಡುಗೊಳವೆಯೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ, ಹೊರಗಿನ ಹಿತ್ತಾಳೆಯನ್ನು ಸೀಳಿದೆ. ಕಂಟ್ರಾಕ್ಟರ್ ಮಾತ್ರ, "ವೆಲ್ಡಿಂಗ್ ಹೊಡೆಸಿಬಿಡೋಣ ಮೇಡಂ, ಅಷ್ಟೆತ್ತರದಲ್ಲಿ ಯಾರಿಗೆ ಕಾಣುತ್ತೆ" ಎನ್ನುತ್ತಾನೆ. ಹಾಗೆ ಮಾಡಿದರೆ ಮುಂದೆ ಯಾರೂ ಅದನ್ನು ಬಿಚ್ಚಲಾರರು. ಸರಳು ಬದಲಿಸಿ, ಸೀಳನ್ನು ಬೆಳ್ಳಿ ಬೆಸುಗೆಯಿಂದ ಮುಚ್ಚಬಲ್ಲವರು ನನಗೆ ಗೊತ್ತಿರುವಂತೆ ಒಬ್ಬರೇ.

ಆದರೆ ಕರೆಯುವ ಮುಂಚೆ ನಡೆದದ್ದು ಹೇಳಬೇಕು. ಕಳೆದ ಗುರುವಾರ ಹನ್ನೊಂದನೆಯ ಬಟ್ಟಲು ನನ್ನ ಕೈಜಾರಿ ಬಿತ್ತು. ಊಟದ ಹೊತ್ತು, ಸುತ್ತ ಯಾರೂ ಇರಲಿಲ್ಲ. ಚೂರುಗಳನ್ನು ಊಟದ ಡಬ್ಬಿಗೆ ಹಾಕಿಕೊಂಡೆ. ದುರಸ್ತಿಗೆಂದು ನಾನು ಮಾಡುತ್ತಿದ್ದ ಬಿಡಿಭಾಗಗಳ ಪಟ್ಟಿಯಲ್ಲಿ, ಹನ್ನೊಂದನೆಯದು ಮೊದಲೇ ಇರಲಿಲ್ಲ ಎಂದು ಬರೆದೆ. ಮೂವತ್ತು ವರ್ಷದ ಕೆಲಸದಲ್ಲಿ ಅಂಥದ್ದು ಬರೆದದ್ದು ಇದೇ ಮೊದಲು.

ನಿನ್ನೆ ಅರಮನೆಯ ಅಧಿಕಾರಿ ಪಟ್ಟಿ ನೋಡಿ, ಉಗ್ರಾಣದ ಕೀಲಿ ಇಟ್ಟುಕೊಳ್ಳುವ ಹೆಂಗಸನ್ನು ಕರೆಸಿದರು. ದೀಪ ಇಳಿಸಿದ ದಿನ ಬಟ್ಟಲು ಎಣಿಸಿದ್ದು ಆಕೆ. "ಇಪ್ಪತ್ನಾಲ್ಕು ಅಂತ ಬರೆದಿದ್ದೀಯ, ಇರೋದು ಇಪ್ಪತ್ಮೂರು. ಎಣಿಸೋಕೆ ಬರಲ್ವಾ, ಇಲ್ಲ ಯಾರಿಗಾದ್ರೂ ಕೊಟ್ಟೆಯಾ?" ಎಂದು ಎಲ್ಲರೆದುರು ಕೇಳಿದರು. ಆಕೆ ವಾದಕ್ಕೆ ನಿಲ್ಲಲಿಲ್ಲ. "ಎರಡು ಸಲ ಎಣಿಸಿದ್ದೆ ಸಾರ್" ಎಂದು ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟಳು. ಮೂರು ವರ್ಷದ ಹಿಂದೆ ನಾಟಕಶಾಲೆಯ ದೀಪದ ಕೆಲಸದಲ್ಲಿ, ಮಾಲೀಕರೆದುರೇ ನಿಮ್ಮ ಬೆಸುಗೆ ನಿಲ್ಲುವುದಿಲ್ಲ ಎಂದು ನಾನು ಅಂದಾಗ, ನೀವೂ ಹೀಗೇ ವಾದಕ್ಕೆ ನಿಲ್ಲದೆ ಸುತ್ತಿಗೆ ಕೆಳಗಿಟ್ಟು ಹೊರಟಿದ್ದಿರಿ.

ಡಬ್ಬಿ ತಂದು ಚೂರುಗಳನ್ನು ಮೇಜಿನ ಮೇಲೆ ಸುರಿದೆ. ಒಡೆದದ್ದು ನಾನು, ಸುಳ್ಳು ಬರೆದದ್ದೂ ನಾನೇ ಎಂದೆ. ಅಧಿಕಾರಿ ಆಕೆಯ ಕ್ಷಮೆ ಕೇಳಿ ಕೀಲಿ ಹಿಂದಿರುಗಿಸಿದರು. ನನಗೆ, "ಇನ್ನೊಬ್ಬ ಅನುಭವಸ್ಥರು ಜೊತೆಗಿಲ್ಲದೆ ನೀವು ದೀಪ ಮುಟ್ಟೋ ಹಾಗಿಲ್ಲ" ಎಂದರು. ನ್ಯಾಯವೇ. ಕೀಲಿಯಾಕೆ ನನ್ನ ಮುಖ ನೋಡದೆ ಹೋದಳು. ಇವತ್ತು ಬೆಳಿಗ್ಗೆ ಮಾತ್ರ ಚೂರುಗಳನ್ನು ಟವೆಲಿನಲ್ಲಿ ಸುತ್ತಿ ತಂದು, "ಜೋಡಿಸೋಕಾಗುತ್ತಾ ನೋಡಿ" ಎಂದಳು. ಏಳೇ ಚೂರು, ಆಗುತ್ತದೆ.

ಇನ್ನೊಂದು ಮಾತು. ಹೋದ ವರ್ಷ ಟಿಕೆಟ್ ಕೊಂಡು ಆ ನಾಟಕಶಾಲೆಗೆ ಹೋಗಿದ್ದೆ. ನಾಟಕ ಯಾವುದೆಂದು ನೆನಪಿಲ್ಲ. ದುರ್ಬೀನು ಹಿಡಿದು ದೀಪವನ್ನೇ ನೋಡುತ್ತಿದ್ದೆ. ಪಕ್ಕದವರು ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನಿಮ್ಮ ಬೆಸುಗೆ ಕೂದಲೆಳೆಯಷ್ಟೂ ಬಿಟ್ಟಿಲ್ಲ. ತಪ್ಪು ನನ್ನದು. ಅಂದೇ ಬರೆಯಬೇಕಿತ್ತು, ಮನಸ್ಸು ಬಗ್ಗಲಿಲ್ಲ.

ಬರುವುದಾದರೆ ನಿಮಗೆ ಬೇರೆ ಕೋಣೆ ಇದೆ, ಕಿಟಕಿಯೂ ದೊಡ್ಡದು. ಬರುವುದಿಲ್ಲವಾದರೆ ಒಂದು ಸಾಲು ಬರೆಯಿರಿ. ಕೆಲಸ ಬಿಟ್ಟುಕೊಡುತ್ತೇನೆ, ವೆಲ್ಡಿಂಗಿಗಂತೂ ಒಪ್ಪುವುದಿಲ್ಲ.

ಇತಿ,
ಪುಟ್ಟಿಯ ಅಮ್ಮ

ತಾ.ಕ.: ಅಕ್ಷರ ಸೊಟ್ಟಗಿರುವುದನ್ನು ನೋಡಿ ಅವಸರದಲ್ಲಿ ಗೀಚಿದ್ದಾಳೆ ಎಂದುಕೊಳ್ಳಬೇಡಿ. ಇದು ಎಡಗೈ ಬರಹ. ಎಂಟು ತಿಂಗಳಿಂದ ಬಲಗೈಯ ಮೂರು ಬೆರಳು ಮರಗಟ್ಟಿವೆ. ವಸ್ತು ಕೈಯಲ್ಲಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಯೇ ತಿಳಿಯಬೇಕು. ಪುಟ್ಟಿಗೆ ಗೊತ್ತಿಲ್ಲ. ಅಧಿಕಾರಿಗೆ ನಾಳೆ ಹೇಳುತ್ತೇನೆ. ಇವತ್ತು ನಿಮಗೊಬ್ಬರಿಗೆ.