ನಿಮ್ಮಪ್ಪ ಅಂದ್ರು ಕಣೇ

ಪಾವಗಡ
17 ನವೆಂಬರ್ 2024

ಅಮ್ಮಾ,

ಊಟ ಮಾಡಿ ಆಮೇಲೆ ಇದನ್ನು ಓದು. ನೀನು ಊಟ ಬಿಡಬಾರದು, ಮಾತ್ರೆ ತಪ್ಪಿಸಬಾರದು ಎಂದು ನಿನ್ನ ಅಳಿಯ ಸುನೀಲ್ ನಿನ್ನೆ ರಾತ್ರಿಯೂ ಹೇಳಿದರು. ಅಪ್ಪನ ಮಣ್ಣಿಗೆ ಬರಲಾಗಲಿಲ್ಲ ಎಂದು ಅವರಿಗೆ ಇನ್ನೂ ಬೇಜಾರಿದೆ. ಸೋಲಾರ್ ಪಾರ್ಕಿನ ಕೆಲಸ, ರಜ ಸಿಗಲಿಲ್ಲ.

ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಎತ್ತಿದ ಕೂಡಲೇ ನೀನು ‘ನಿಮ್ಮಪ್ಪ’ ಅಂತ ಶುರು ಮಾಡಿಬಿಡುತ್ತೀಯ ಎಂದು ಭಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಅದೇನು ಪಾಠ ಮಾಡ್ತೀಯೇ ಎಂದು ಒಮ್ಮೆ ಕೇಳಿದ್ದೆಯಲ್ಲ. ಈ ವಾರ ಮಕ್ಕಳಿಗೆ, ಪ್ರಬಂಧ ಬರೆಯುವಾಗ ಬೇರೆಯವರ ಮಾತನ್ನು ಹೇಗೆ ತರಬೇಕೆಂದು ಹೇಳಿಕೊಡುತ್ತಿದ್ದೆ. ಆಡಿದ ಮಾತನ್ನು ಒಂದಕ್ಷರ ಬಿಡದೆ ತಂದರೆ ಉದ್ಧರಣ ಚಿಹ್ನೆ ಹಾಕಬೇಕು. ಸಾರವನ್ನಷ್ಟೇ ನಮ್ಮ ಮಾತಿನಲ್ಲಿ ಹೇಳಿದರೆ ಚಿಹ್ನೆ ಬೇಡ, ಯಾರದೆಂದು ಅಡಿಟಿಪ್ಪಣಿ ಸಾಕು. ನಡುವೆ ಏನಾದರೂ ಬಿಟ್ಟರೆ ಮೂರು ಚುಕ್ಕಿ. ಮೂಲವನ್ನು ನೋಡದೆ ಇನ್ನೊಬ್ಬರು ಹೇಳಿದ್ದನ್ನು ನಂಬಿ ಬರೆದಿದ್ದರೆ ಅದನ್ನೂ ಒಪ್ಪಿಕೊಳ್ಳಬೇಕು. ಹಿಂದಿನ ಬೆಂಚಿನ ಗಂಗಲಕ್ಷ್ಮಿ ಎದ್ದು ನಿಂತು, ‘ಮೂಲಾನೇ ಇಲ್ದಿದ್ರೆ ಏನ್ ಮಾಡ್ಬೇಕು ಮೇಡಂ?’ ಎಂದಳು. ಪಾಠ ಅಲ್ಲಿಗೇ ನಿಲ್ಲಿಸಿದೆ. ಸ್ಟಾಫ್ ರೂಮಿಗೆ ಬಂದು ಅತ್ತುಬಿಟ್ಟೆ.

ಅಪ್ಪನ ಬಾಯಿಂದ ನಾನೇ ಕೇಳಿದ ಕೊನೆಯ ಮಾತು ಯಾವುದು ಗೊತ್ತಾ? ‘ರಾಂಗ್ ನಂಬರ್.’ ಜಾತಿ ಬಿಟ್ಟು ಮದುವೆಯಾದ ಮೇಲಿನ ಮೊದಲ ಯುಗಾದಿಗೆ ಅಪ್ಪನ ಕಡಲೆಕಾಯಿ ಅಂಗಡಿಯ ಫೋನಿಗೆ ಮಾಡಿದ್ದೆ. ಅಪ್ಪಾ ಎಂದೆ. ಅಷ್ಟು ಹೇಳಿ ಇಟ್ಟರು. ಸಂಜೆ ನೀನೇ ಫೋನ್ ಮಾಡಿದೆ. ನಿಮ್ಮಪ್ಪ ಅಂದ್ರು ಕಣೇ, ಅಂಗ್ಡೀಲಿ ಗಲಾಟೆ, ಮಗಿನ ದನಿ ಗೊತ್ತಾಗ್ಲಿಲ್ಲ ಅಂತ. ನಾನು ನಂಬಿದೆ. ನಂಬದೆ ಇನ್ನೇನು ಮಾಡಲಿ?

ಅಲ್ಲಿಂದ ಅಪ್ಪನ ಮಾತು ನಿನ್ನ ಫೋನಿನಲ್ಲಿ ಬರುತ್ತಲೇ ಇತ್ತು. ಹೊಸ ಕಡಲೆಕಾಯಿ ಬಂದಾಗ, ಬೇಯಿಸಿದ ಕಾಯಿ ಎಂದರೆ ಲೋಹಿತಾ ಪ್ರಾಣ ಬಿಡುತ್ತಿದ್ದಳು ಅಂದರಂತೆ. ನನಗೆ ಕೆಲಸ ಸಿಕ್ಕಾಗ ಪರವಾಗಿಲ್ಲ, ಗಟ್ಟಿಗಿತ್ತಿ ಅಂದರಂತೆ. ಹೊಟ್ಟೆಯಲ್ಲಿದ್ದ ಕೂಸು ನಿಲ್ಲದೆ ಹೋಗಿ ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀನು, ‘ಅಳ್ಬೇಡ ಅಂತ ಹೇಳು, ನಾನಿಲ್ವಾ ಅಂದ್ರು ಕಣೇ’ ಎಂದಿದ್ದೆ. ಆ ಮಾತು ಹಿಡಿದುಕೊಂಡೇ ನಾನು ಎದ್ದು ಕೂತಿದ್ದು.

ಮಣ್ಣು ಮುಗಿಸಿ ಬಂದ ಸಂಜೆ ನಾನು ಹೊಸಿಲಾಚೆಯೇ ಕೂತಿದ್ದೆ. ಶಿವಗಣಾರಾಧನೆಯ ಕಾರ್ಡಿನಲ್ಲಿ ಫೋಟೋ ಕೆಳಗೆ ಹಾಕುವುದಕ್ಕೆ ಅಪ್ಪನದೇ ಒಂದು ಮಾತು ಬೇಕೆಂದು ನಾಗಭೂಷಣ್ ಅಣ್ಣ ಕೇಳಿದ. ನೀನು ನನ್ನ ಕಡೆ ನೋಡುತ್ತಾ, ಮಕ್ಕಳಿಗೆ ಮನೆ ಬಾಗಿಲು ಯಾವತ್ತೂ ತೆಗೆದೇ ಇರಬೇಕು ಎನ್ನುತ್ತಿದ್ದರು, ಹೋದ ತಿಂಗಳೂ ಅಂದರು ಎಂದೆ. ದೊಡ್ಡಪ್ಪ ಬೆಚ್ಚಿಬಿದ್ದರು. ‘ಏನಮ್ಮ ಜಗದಾಂಬ, ಲಕ್ವ ಹೊಡ್ದು ಎರ್ಡು ವರ್ಷದಿಂದ ಬಾಯೇ ಬಿದ್ದೋಗಿತ್ತಲ್ಲ ಅವ್ನಿಗೆ. ಅದಕ್ಕೂ ಮುಂಚೆ ಈ ಮಗಿನ ಹೆಸ್ರೆತ್ತಿದ್ರೆ ತಟ್ಟೆ ಬುಟ್ಟು ಎದ್ದೋಗೋನು.’ ನೀನು ನೀರು ತರುತ್ತೇನೆಂದು ಒಳಗೆ ಹೋದವಳು ಹೊರಗೆ ಬರಲಿಲ್ಲ. ನಾನೂ ಹೇಳದೆ ಬಸ್ಸು ಹತ್ತಿದೆ.

ಲಕ್ವ ಹೊಡೆದಿದ್ದನ್ನು ಸೊಂಟನೋವು ಎಂದಿದ್ದೆಯಲ್ಲಮ್ಮ. ಒಂದು ಚುಕ್ಕಿಯನ್ನೂ ಇಡದೆ ಎರಡು ವರ್ಷವನ್ನೇ ಬಿಟ್ಟುಬಿಟ್ಟೆ. ಗೊತ್ತಿದ್ದರೆ ಯಾರು ತಡೆದರೂ ಬರುತ್ತಿದ್ದೆ, ಬಾಯಿ ಬಿದ್ದ ಅಪ್ಪನ ಎದುರಿಗೆ ಒಂದು ಗಳಿಗೆ ಕೂತು ಬರುತ್ತಿದ್ದೆ. ಮುಖ ತಿರುಗಿಸಿದ್ದರೆ ತಿರುಗಿಸಲಿ, ಅದು ಅಪ್ಪನದೇ ಆಗಿರುತ್ತಿತ್ತು. ಈ ಒಂದಕ್ಕೆ ನಿನ್ನ ಮೇಲೆ ತುಂಬಾ ಕೋಪವಿದೆ.

ಆಸ್ಪತ್ರೆಯ ಮಾತು ನಿನ್ನದೇ ಎಂದು ಈಗ ಗೊತ್ತಾಗಿದೆ. ನಿನ್ನ ಹೆಸರಿನಲ್ಲೇ ಹೇಳಬಾರದಿತ್ತೇ ಎಂದುಕೊಂಡೆ. ಹೇಳಿದ್ದರೆ ಆಗ ನನಗೆ ಸಾಲುತ್ತಿರಲಿಲ್ಲ. ಅದು ನಿನಗೂ ಗೊತ್ತಿತ್ತು.

ಒಂದೇ ಒಂದು ಕೇಳುತ್ತೇನೆ. ಅಷ್ಟೊಂದು ಮಾತಿನಲ್ಲಿ ಅಪ್ಪ ಬಾಯಿಬಿಟ್ಟು ಆಡಿದ್ದು ಯಾವುದಾದರೂ ಇದ್ದರೆ ಬರೆದು ಕಳಿಸು. ಬೈದಿದ್ದಾದರೂ ಆಗಬಹುದು. ಇಲ್ಲದಿದ್ದರೆ ಇಲ್ಲ ಎಂದು ಬರೆ. ರಾಂಗ್ ನಂಬರ್ ಒಂದೇ ನನ್ನ ಪಾಲಿಗೆ ಬಂದಿದ್ದು ಎಂದು ಇಟ್ಟುಕೊಳ್ಳುತ್ತೇನೆ.

ಮಾತ್ರೆ ಮರೆಯಬೇಡ.

ನಿನ್ನ ಮಗಳು,
ಲೋಹಿತಾ

ಮರೆತಿದ್ದು: ಸುನೀಲ್ ನಿನ್ನೆ ರಾತ್ರಿ ಏನೂ ಹೇಳಲಿಲ್ಲ. ಹೋದ ವರ್ಷದ ದೀಪಾವಳಿಗೆ ಮುಂಚೆಯೇ ಬಟ್ಟೆ ಕಟ್ಟಿಕೊಂಡು ತಿರುಮಣಿಗೆ, ಅವರಮ್ಮನ ಮನೆಗೆ ಹೋದವರು ತಿರುಗಿ ಬಂದಿಲ್ಲ. ಅಲ್ಲಿಂದೀಚೆಗೆ ಅವರು ನಿನ್ನನ್ನು ವಿಚಾರಿಸಿದರು ಎಂದಿದ್ದೆಲ್ಲ ನನ್ನದೇ ಮಾತು. ಈ ಮನೆಯಲ್ಲಿ ಒಬ್ಬಳೇ ಇರಲು ಆಗುತ್ತಿಲ್ಲ. ರಜಕ್ಕೆ ಅಲ್ಲಿಗೆ ಬರಲಾ ಅಮ್ಮ? ಅಪ್ಪ ಹಾಗೆ ಅಂತಿದ್ದರು ಎಂದು ಬರೆಯಬೇಡ. ಬಾ ಎಂದು ನೀನೇ ಬರೆ.