ಪೊರಕೆ ಕೆಳಗಿಟ್ಟವಳು

ಬುಧವಾರ, ಮಧ್ಯಾಹ್ನ ಒಂದೂಕಾಲು

ಅಣ್ಣಾ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಮೂರನೇ ಮಾತಿಗೇ "ಆಯ್ತು, ಇರು, ಅತ್ತಿಗೆಗೆ ಕೊಡ್ತೀನಿ" ಎನ್ನುವ ಆಸಾಮಿ. ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ. ಮೊದಲು ನೀನೇ ಪೂರ್ತಿ ಓದು, ಆಮೇಲೆ ಬೇಕಾದರೆ ಅತ್ತಿಗೆಗೆ ಕೊಡು.

ಲ್ಯಾಬಿನ ಮೇಜಿನ ಹತ್ತಿರವೇ ಕುಳಿತು ಬರೆಯುತ್ತಿದ್ದೇನೆ. ನಮಗೆ ಊಟದ ಬಿಡುವು ಮುಕ್ಕಾಲು ಗಂಟೆ. ಎದುರಿಗೆ ಯಾವುದೋ ತಾತನಿಗೆ ಕಟ್ಟುತ್ತಿರುವ ಹಲ್ಲಿನ ಸೆಟ್ಟು ಮೈಗೆಲ್ಲ ಮೇಣ ಮೆತ್ತಿಕೊಂಡು ನನ್ನನ್ನೇ ನೋಡಿ ಹಲ್ಲು ಕಿರಿಯುತ್ತಿದೆ. ಬೆಳಿಗ್ಗೆಯಿಂದ ಎರಡು ಸಲ ಎಡಗಡೆಯ ಹಲ್ಲನ್ನು ಬಲಗಡೆ ಕೂರಿಸಿ ಕಿತ್ತಿದ್ದೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವಳು ಇಂಥ ತಪ್ಪು ಮಾಡಬಾರದು. ಮೊನ್ನೆ ಅತ್ತಿಗೆಯ ಫೋನ್ ಬಂದಾಗಿನಿಂದ ನನಗೆ ನಿಂತಲ್ಲಿ ನಿಲ್ಲಲು, ಕುಳಿತಲ್ಲಿ ಕೂರಲು ಆಗುತ್ತಿಲ್ಲ.

ಅತ್ತಿಗೆ ಚಾಡಿ ಹೇಳಲಿಲ್ಲ, ಅತ್ತರು ಅಷ್ಟೇ. ಅವರ ಮೇಲೆ ರೇಗಬೇಡ. ಸೋಮವಾರ ನೀನು ರಾಜೀನಾಮೆ ಕೊಡುತ್ತೀಯಂತೆ. ಇಷ್ಟು ವರ್ಷ ಲಿಫ್ಟ್ ರಿಪೇರಿ ಮಾಡಿದವನನ್ನು ತಪಾಸಣೆಯ ಜಾಗಕ್ಕೆ ಏರಿಸಿದರೆ ಬೇರೆಯವರು ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು. ನೀನು ಆ ತಪಾಸಣೆ ಪುಸ್ತಕಕ್ಕೆ ಸಹಿ ಹಾಕಲು ಒದ್ದಾಡುತ್ತಿದ್ದೀಯಂತೆ. "ಖುದ್ದಾಗಿ ನೋಡಿದ್ದೇನೆ, ಸರಿಯಾಗಿದೆ" ಎಂದು ಅದರಲ್ಲಿ ಮೊದಲೇ ಅಚ್ಚಾಗಿರುತ್ತದಂತೆ, ಕೆಳಗೆ ಹೆಸರು ಗೀಚಿದರೆ ಮುಗಿಯಿತಂತೆ. ಬ್ರೇಕು ನೋಡುತ್ತೀಯ, ಕೆಳಗಿಳಿಯುತ್ತೀಯ, ನೋಡಿದೆನೋ ಇಲ್ಲವೋ ಎನಿಸಿ ಮತ್ತೆ ಮೇಲಕ್ಕೆ ಹೋಗುತ್ತೀಯ. ಹೋದ ತಿಂಗಳು ಒಂದು ಎಂಟು ಮಹಡಿಯ ಕಟ್ಟಡದಲ್ಲಿ ಮೋಟಾರು ಕೋಣೆಗೆ ಹನ್ನೊಂದು ಸಲ ಹತ್ತಿ ಇಳಿದೆಯಂತೆ, ಅದೂ ಮೆಟ್ಟಿಲಿನಲ್ಲಿ.

ಯಾಕೆ ಹೀಗೆ ಎಂದು ಅತ್ತಿಗೆ ಕೇಳಿದ್ದಕ್ಕೆ ನೀನು, "ನನ್ನ ಕಣ್ಣನ್ನ ನಾನೇ ನಂಬೋಕಾಗಲ್ಲ ಕಣೆ. ಚಿಕ್ಕೋನಿದ್ದಾಗ್ಲೇ ಇಲ್ಲದ್ದನ್ನ ನೋಡ್ದೋನು ನಾನು" ಎಂದೆಯಂತೆ. ಪಾಪ, ಅತ್ತಿಗೆ ದೆವ್ವಗಿವ್ವ ಏನಾದರೂ ನೋಡಿ ಹೆದರಿಕೊಂಡಿದ್ದೆಯೋ ಎಂದು ನನ್ನನ್ನು ಕೇಳಿದರು. ನನಗೇನೂ ಗೊತ್ತಿಲ್ಲ ಎಂದುಬಿಟ್ಟೆ.

ಗೊತ್ತಿತ್ತು. ನೀನು ಇಲ್ಲದ್ದನ್ನು ನೋಡಲಿಲ್ಲ ಅಣ್ಣಾ. ಆವತ್ತು ಆ ಗುಡಿಸುವವಳು ಬಂದಿದ್ದಳು. ನಾನೂ ನೋಡಿದೆ. ನಿನ್ನ ಬಲಗಡೆಗೇ ನಿಂತಿದ್ದೆ.

ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ನೀರು ಕುಡಿದು ಬಂದೆ. ಬಿಡುವು ಮುಗಿಯಿತು, ಮೇಲ್ವಿಚಾರಕಿ ಕನ್ನಡಕದ ಮೇಲಿಂದ ನೋಡುತ್ತಿದ್ದಾರೆ.

ಅದೇ ದಿನ, ಸಂಜೆ, ಬಸ್ ನಿಲ್ದಾಣದ ಬೆಂಚು

ಎರಡು ಬಸ್ ಬಿಟ್ಟೆ. ಮನೆಗೆ ಹೋದರೆ ಬರೆಯಲು ಆಗುವುದಿಲ್ಲ.

ನಿನಗೆ ಎಲ್ಲ ನೆನಪಿದೆ ಎಂದು ಗೊತ್ತು. ಆದರೂ ನಾನೇ ಹೇಳಬೇಕು, ಏಕೆಂದರೆ ನಿನ್ನ ನೆನಪು ಸರಿಯೋ ತಪ್ಪೋ ಎಂದು ಹೋಲಿಸಿ ನೋಡಲು ನಿನಗೆ ಇನ್ನೊಂದು ನೆನಪು ಬೇಕು. ಚಪ್ಪಲಿ ಅಂಗಡಿಯ ಹಿಂದಿನ ಆ ಉದ್ದನೆಯ ಕೋಣೆ, ಒಂಬತ್ತು ಗೇಮ್ ಮಷೀನು, ಕೊನೆಯಲ್ಲಿ ನಮ್ಮ ಹೊಡೆದಾಟದ ಗೇಮಿನ ಪಾರ್ಟ್ ಟೂ. ಮೊದಲನೇ ಭಾಗದಲ್ಲಿ ಹೊಡೆದಾಟ ಬಿಟ್ಟರೆ ಏನೂ ಇರಲಿಲ್ಲ. ಪಾರ್ಟ್ ಟೂ ಬಂದ ಮೇಲೆ ಅಲ್ಲವೇ ನೀನು ಊಟ ನಿದ್ದೆ ಮರೆತದ್ದು? ಅದರ ತುಂಬಾ ಗುಟ್ಟು. ಬೋಳು ತಲೆಯ ಜಟ್ಟಿಯನ್ನು ಕೆಳಗಿನ ಗುಂಡಿಯಿಂದ ಆರಿಸಿದರೆ ಅವನ ಬಟ್ಟೆಯ ಬಣ್ಣ ಬದಲಾಗುವುದು, ಬಾವಿಯ ಅಖಾಡದಲ್ಲಿ ಎದುರಾಳಿಯನ್ನು ಬಾವಿಗೆ ಬೀಳಿಸಿದರೆ ಒಳಗಿನಿಂದ ಯಾರೋ ಕೆಮ್ಮುವುದು. ಇವನ್ನೆಲ್ಲ ನೀನು ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಬರೆದಿಟ್ಟಿದ್ದೆ. ನಲವತ್ತೊಂದು ಗುಟ್ಟು. ಪಕ್ಕದ ಬೀದಿಯವರೆಲ್ಲ ನಿನ್ನನ್ನು ಕೇಳಿಕೊಂಡು ಬರುತ್ತಿದ್ದರು. ಓದಿನಲ್ಲಿ ಇಷ್ಟು ಶ್ರದ್ಧೆ ಇದ್ದಿದ್ದರೆ ಎಂದು ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಮಾಲೀಕರಿಗೂ ನೀನು ಎಂದರೆ ನಂಬಿಕೆ. ಪರೀಕ್ಷೆ ಮುಗಿದ ಮೇಲೆ ಮಷೀನು ರಿಪೇರಿ ಕಲಿಸಿ ಅಲ್ಲೇ ಇಟ್ಟುಕೊಳ್ಳುತ್ತೇನೆ ಎಂದಿದ್ದರು.

ಆ ಗುರುವಾರ ಅವರು ಷಟರ್ ಅರ್ಧ ಎಳೆದು, ನಿನಗೆ ಕೀಲಿ ಕೊಟ್ಟು ಊಟಕ್ಕೆ ಹೋಗಿದ್ದರು. ನಾನು ಟೈಪಿಂಗ್ ಕ್ಲಾಸಿನಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಹಿಂದಿನ ಬಾಗಿಲಿನಿಂದ ಜಾರಿ, ಷಟರ್ ಕೆಳಗೆ ಬಗ್ಗಿ ಒಳಗೆ ಬಂದೆ. ನನಗಾಗ ಹದಿಮೂರು, ನಿನಗೆ ಹದಿನೆಂಟು. ಮಷೀನಿಗೆ ಹಾಕಲು ಇದ್ದದ್ದು ಒಂದೇ ಬಿಲ್ಲೆ, ಅದನ್ನು ನೀನು ಹಾಕಿದೆ. ಮೊದಲ ಸುತ್ತು ನಿನಗೆ, ಎರಡನೆಯದು ನನಗೆ ಎಂದು ಮಾತು. ಕೋಟೆಯ ಅಂಗಳದ ಅಖಾಡ. ಪರದೆಯಲ್ಲಿ ಹಿಂದುಗಡೆ ಎಂದಿನಂತೆ ಆ ನೀಲಿ ಬಟ್ಟೆಯ ಹೆಂಗಸು, ಯಾರು ಬಡಿದಾಡಿ ಸತ್ತರೂ ತನಗೇನು ಎಂಬಂತೆ ನೆಲ ಗುಡಿಸುತ್ತಿದ್ದಳು. ಒದೆಯುವ ಗುಂಡಿ ಆವತ್ತು ಕೆಟ್ಟಿತ್ತು. ನೀನು ಬರೀ ಕೈಯಲ್ಲೇ ಹೊಡೆದು ಮೊದಲ ಸುತ್ತು ಗೆದ್ದೆ. ಎರಡನೆಯ ಸುತ್ತಿಗೆ ನಾನು ಕೈ ಚಾಚಿದರೆ, "ತಡಿಯೇ, ಒಳ್ಳೇ ಲಯದಲ್ಲಿದೀನಿ" ಎಂದೆ.

ನಾನು ಎರಡನೇ ಆಟಗಾರರ ಕಡೆ ನಿಂತು ಆ ಕಡೆಯ ಸ್ಟಾರ್ಟ್ ಗುಂಡಿಯನ್ನು ಟಕಟಕ ಒತ್ತುತ್ತಿದ್ದೆ. ಬಿಲ್ಲೆ ಹಾಕದಿದ್ದರೆ ಅದನ್ನು ಒತ್ತಿದರೂ ಒಂದೇ, ಬಿಟ್ಟರೂ ಒಂದೇ. "ಕೈ ಸುಮ್ನಿರಲ್ವಾ ನಿಂದು?" ಎಂದು ನೀನು ಬೈದೆ. ಅಷ್ಟರಲ್ಲಿ ಅವಳು ಗುಡಿಸುವುದನ್ನು ನಿಲ್ಲಿಸಿ, ಹಣೆ ಒರೆಸಿಕೊಂಡು ನಮ್ಮ ಕಡೆ ನೋಡಿದಳು. ಪೊರಕೆಯನ್ನು ಗೋಡೆಗೆ ಒರಗಿಸಲಿಲ್ಲ, ಮೆಲ್ಲಗೆ ನೆಲದ ಮೇಲಿಟ್ಟಳು. ಸೆರಗು ಸೊಂಟಕ್ಕೆ ಬಿಗಿದು ಮುಂದೆ ಬಂದಳು. ಸಂಗೀತ ನಿಂತುಹೋಯಿತು. ನಿನ್ನ ಜಟ್ಟಿಯನ್ನು ಅವಳು ಮೂರೇ ಏಟಿಗೆ ಮಲಗಿಸಿ, ವಾಪಸು ಹೋಗಿ, ಪೊರಕೆ ಎತ್ತಿಕೊಂಡು ಬಿದ್ದವನನ್ನೂ ಸೇರಿಸಿ ಗುಡಿಸಿದಳು.

ಅವಳು ಅವನನ್ನೂ ಕಸದಂತೆ ಗುಡಿಸಿ ಹಾಕಿದ್ದನ್ನು ನೀನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಇನ್ನಷ್ಟು ನಗುತ್ತಾರೆಂದು ನುಂಗಿಕೊಂಡೆ. ಈಗ ನಾನು ಹೇಳುತ್ತಿದ್ದೇನೆ. ನೋಡದಿದ್ದರೆ ನನಗೆ ಹೇಗೆ ಗೊತ್ತಾಗಬೇಕು?

ಗುರುವಾರ ಬೆಳಿಗ್ಗೆ, ಅಡುಗೆಮನೆ

ಹಾಲು ಉಕ್ಕಿತು. ಒರೆಸಿ ಬಂದು ಕುಳಿತಿದ್ದೇನೆ.

ಮಾರನೆಯ ದಿನ ಸಂಜೆ ಆ ಕೋಣೆಯ ತುಂಬಾ ಜನ. ನೀನು ಹೇಳಿದ್ದೇ ಹೇಳಿದ್ದು, ಅವರು ನಕ್ಕಿದ್ದೇ ನಕ್ಕಿದ್ದು. ನೀನು ನನ್ನನ್ನು ಮನೆಯಿಂದ ಎಳೆದು ತಂದು ನಡುವೆ ನಿಲ್ಲಿಸಿದೆ. "ಇವ್ಳೂ ಇದ್ಲು, ಕೇಳಿ" ಎಂದೆ. ಮಾಲೀಕರು, "ಏನಮ್ಮಾ, ನೀನೂ ನೋಡಿದ್ಯಾ?" ಎಂದರು. ನೋಡಲಿಲ್ಲ ಎಂದಿದ್ದರೂ ಇಷ್ಟು ಕೆಡುತ್ತಿರಲಿಲ್ಲ. ನಾನು, "ನಾನು ಇಲ್ಲಿಗೆ ಬಂದೇ ಇರ್ಲಿಲ್ಲ, ಟೈಪಿಂಗ್ ಕ್ಲಾಸಲ್ಲಿದ್ದೆ" ಎಂದೆ.

ಅಪ್ಪನ ಭಯ ಅಣ್ಣಾ. ಕ್ಲಾಸು ತಪ್ಪಿಸಿದ್ದು ಗೊತ್ತಾದರೆ ಚರ್ಮ ಸುಲಿಯುತ್ತಿದ್ದರು. ರಾತ್ರಿಯೊಳಗೆ ನಿನ್ನೊಬ್ಬನಿಗೆ ಹೇಳಿ ಸರಿಮಾಡಿಕೊಳ್ಳೋಣ ಎಂದುಕೊಂಡೆ. ರಾತ್ರಿಯಾಯಿತು, ವಾರವಾಯಿತು. ಅಪ್ಪ ಕ್ಲಾಸಿಗೇ ಹೋಗಿ ಹಾಜರಿ ಪುಸ್ತಕ ನೋಡಿ ಬಂದು, "ಅವಳ ಸಹಿ ಇದೆಯಲ್ಲೋ, ಅವಳು ಯಾಕೆ ಸುಳ್ಳು ಹೇಳ್ತಾಳೆ?" ಎಂದು ನಿನ್ನನ್ನು ಕೇಳಿದಾಗ ನಾನು ಇದೇ ಅಡುಗೆಮನೆಯಂಥ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ. ತೊಳೆದದ್ದನ್ನೇ ತೊಳೆದೆ.

ಒದೆಯುವ ಗುಂಡಿ ರಿಪೇರಿಯಾಯಿತು. ನೀನು ಒಬ್ಬನೇ ಹೋಗಿ ಹೋಗಿ ಆಡಿದೆ, ಅವಳು ತಲೆಯೆತ್ತಲಿಲ್ಲ. ಬೇರೆಯವರೂ ಆಡಿ, ಬಾರದ್ದಕ್ಕೆ ಸಿಟ್ಟಾಗಿ ಮಷೀನಿಗೆ ಗುದ್ದಿ ಗಾಜು ಒಡೆದರು. ಮಾಲೀಕರು ನಿನ್ನನ್ನೇ ಹೊರಗೆ ಹಾಕಿದರು, ಕೆಲಸ ಕಲಿಸುವ ಮಾತೂ ಹೋಯಿತು. ನಿನಗೆ ಪೊರಕೆ ಎಂಬ ಹೆಸರು ಮಾತ್ರ ಉಳಿಯಿತು. ನನ್ನ ಮಗಳು ಹುಟ್ಟುವ ಮೊದಲಿನ ಹೆಸರು, ಅವಳೂ ನಿನ್ನನ್ನು ಪೊರಕೆ ಮಾವ ಎನ್ನುತ್ತಾಳೆ. ಹಾಗನ್ನಬೇಡ ಎಂದು ಒಂದು ದಿನವೂ ನಾನು ಅವಳಿಗೆ ಹೇಳಲಿಲ್ಲ.

ನನ್ನ ಮದುವೆಯ ಹಿಂದಿನ ದಿನ ಯಾರೋ ಆ ವಿಷಯ ಎತ್ತಿದಾಗ ನೀನೇ ನಕ್ಕು, "ಬಿಡ್ರೋ, ಎಲ್ಲಾ ನಾನೇ ಕಲ್ಪಿಸ್ಕೊಂಡಿದ್ದು. ಪಾಪ ಇವ್ಳು ಅಲ್ಲಿ ಇರ್ಲೇ ಇಲ್ಲ" ಎಂದೆ. ನನ್ನ ಪರವಾಗಿ ಮಾತಾಡಿದೆ! ಎಲ್ಲರೂ ನಕ್ಕರು, ನಾನೂ ನಕ್ಕೆ. ನನಗೆ ನನ್ನ ಮೇಲೆ ಅಸಹ್ಯವಾದದ್ದು ಆ ನಗುವಿಗೆ.

ಇನ್ನು ಹೊಸ ಸುದ್ದಿ. ಹಳೆಯ ಗೇಮ್ ಮಷೀನು ಬಿಚ್ಚಿ ಚಿಪ್ಪಿನೊಳಗೆ ಏನು ಬರೆದಿದೆ ಎಂದು ಓದುವ ಗಂಡ ಹೆಂಡತಿ ಇಬ್ಬರಿದ್ದಾರಂತೆ. ಅವರು ಪಾರ್ಟ್ ಟೂ ಬಿಚ್ಚಿದ್ದಾರೆ. ಗುಡಿಸುವವಳು ಒಳಗೆ ಇದ್ದಾಳೆ. ಅವಳ ನಡಿಗೆ, ಮೂರು ಏಟು, ಪೊರಕೆ ಕೆಳಗಿಡುವ ಚಿತ್ರ, ಎಲ್ಲ. ಮಗಳು ಮೊಬೈಲಿನಲ್ಲಿ ತೋರಿಸಿ, "ಅಮ್ಮಾ, ಮಾವ ಹೇಳ್ತಿದ್ದೋಳು ಇವ್ಳೇನಾ?" ಎಂದಳು. ನಾನು ಎದ್ದು ಬಟ್ಟೆ ಒಣಹಾಕಲು ಹೋದೆ. ಇದು ಮೂರು ವಾರದ ಹಿಂದಿನ ಮಾತು. ಅತ್ತಿಗೆ ಫೋನ್ ಮಾಡದಿದ್ದರೆ ಇನ್ನೂ ಎಷ್ಟು ವಾರ ಒಣಹಾಕುತ್ತಿದ್ದೆನೋ ಕಾಣೆ. ಚಿತ್ರಗಳನ್ನು ಅಚ್ಚು ಹಾಕಿಸಿ ಲಕೋಟೆಯಲ್ಲಿ ಇಟ್ಟಿದ್ದೇನೆ.

ಅವಳನ್ನು ಕರೆಯುವ ವಿಧಾನವೂ ಸಿಕ್ಕಿದೆ. ಮೊದಲ ಆಟಗಾರ ಒಂದು ಸಲವೂ ಒದೆಯಬಾರದು. ಎರಡನೇ ಸುತ್ತಿನಲ್ಲಿ ಅವಳು ಹಣೆ ಒರೆಸುವ ಆ ಒಂದು ಕ್ಷಣದಲ್ಲಿ, ಬಿಲ್ಲೆ ಹಾಕದ ಕಡೆಯ ಸ್ಟಾರ್ಟ್ ಗುಂಡಿಯನ್ನು ಮೂರು ಸಲ ಒತ್ತಬೇಕು. ಆ ಆಟ ಬರೆದವರು ಈಗ ವಯಸ್ಸಾದ ಹೆಂಗಸು. ಅವರನ್ನು ಕೇಳಿದ್ದಕ್ಕೆ, ಅಣ್ಣಂದಿರ ಪಕ್ಕ ಬಿಲ್ಲೆ ಇಲ್ಲದೆ ನಿಂತೇ ಚಿಕ್ಕಂದು ಕಳೆಯಿತು, ಸುಮ್ಮನೆ ನಿಂತವರಿಗೂ ಒಂದು ಕೆಲಸ ಇರಲಿ ಎಂದು ಯಾರಿಗೂ ಹೇಳದೆ ಸೇರಿಸಿದೆ ಎಂದರಂತೆ.

ಅಂದರೆ ನೀನು ಒಬ್ಬನೇ ಎಷ್ಟು ಆಡಿದರೂ ಅವಳು ಬರುತ್ತಿರಲಿಲ್ಲ. ಅವಳನ್ನು ಕರೆದದ್ದು ನನ್ನ ಕೈ. ಆ ಶುಕ್ರವಾರದ ಮೇಲೆ ನಾನು ಆ ಕೋಣೆಗೆ ಕಾಲಿಡಲಿಲ್ಲ.

ಬೇರೆ ಹಾಳೆಯಲ್ಲಿ, ಆ ಗುರುವಾರ ನಾನು ಅಲ್ಲಿದ್ದೆ, ಕಣ್ಣಾರೆ ನೋಡಿದೆ, ಹಾಜರಿ ಪುಸ್ತಕದ ಸಹಿ ಮೋಸ ಎಂದು ಬರೆದು ಹೆಸರು ಹಾಕಿದ್ದೇನೆ. ಅದನ್ನು ಅತ್ತಿಗೆಗೆ ತೋರಿಸು, ಮಕ್ಕಳಿಗೆ ತೋರಿಸು, ಗೋಡೆಗೆ ಬೇಕಾದರೂ ಅಂಟಿಸು. ಕೆಲಸ ಬೇಡ ಎನಿಸಿದರೆ ಬಿಡು, ಅದು ನಿನ್ನಿಷ್ಟ. ಆದರೆ ಕಣ್ಣು ಸರಿಯಿಲ್ಲ ಎಂದು ಮಾತ್ರ ಬಿಡಬೇಡ. ನಿನ್ನ ಕಣ್ಣಿಗೆ ಯಾವ ದೋಷವೂ ಇಲ್ಲ. ಬ್ರೇಕು ನೋಡಿದೆ ಎನಿಸಿದರೆ ನೀನು ನೋಡಿದಂತೆಯೇ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಮೂವತ್ತು ವರ್ಷದ ಮೇಲೆ ಕಾಗದದಲ್ಲಿ ಕೇಳುವಂಥದ್ದಲ್ಲ ಅದು. ಶನಿವಾರದೊಳಗೆ ಇದು ನಿನಗೆ ಸಿಗುತ್ತದೆ ಎಂದು ಅಂಚೆಯವರು ಹೇಳಿದ್ದಾರೆ. ಭಾನುವಾರ ಫೋನ್ ಮಾಡಿ ಬೈಯುವುದಾದರೆ ಬೈ, ಮಧ್ಯದಲ್ಲಿ ಅತ್ತಿಗೆಗೆ ಕೊಡಬೇಡ.

ನಿನ್ನ ತಂಗಿ

ಮರೆತದ್ದು: ಲಕೋಟೆ ಅಂಟಿಸಿ ಅಂಚೆ ಕಚೇರಿಯವರೆಗೆ ಹೋಗಿ, ಮತ್ತೆ ಬಿಚ್ಚಿದೆ. ಅಪ್ಪನ ಭಯ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಓದಿದೊಡನೆ ನಿನಗೆ ಅನುಮಾನ ಬಂದಿರುತ್ತದೆ, ನಿನ್ನ ನೆನಪು ನನ್ನದಕ್ಕಿಂತ ಚುರುಕು. ಅಪ್ಪ ಆ ವಾರ ಊರಲ್ಲೇ ಇರಲಿಲ್ಲ. ಭಾನುವಾರ ಬಂದರು. ಶುಕ್ರವಾರ ನನಗೆ ಯಾರ ಭಯವೂ ಇರಲಿಲ್ಲ. ನೀನು ಎರಡನೇ ಸುತ್ತು ಕೊಡಲಿಲ್ಲ ಎಂಬ ಸಿಟ್ಟಿತ್ತು ನಿಜ, ಆದರೆ ಅದೂ ಅಲ್ಲ. ಅಷ್ಟು ಜನರ ನಡುವೆ, ಹುಟ್ಟಿದಾಗಿನಿಂದ ಮೊದಲ ಸಲ, ನೀನು ನನ್ನ ಬಾಯಿಂದ ಏನು ಬರುತ್ತದೋ ಎಂದು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದೆ. ನಾನು ಬೇಕೆಂದೇ ತಡಮಾಡಿದೆ. ತುಂಬಾ ಹಿತವಾಗಿತ್ತು ಅಣ್ಣಾ.