ಗಾಡಿ ಬಾರದ ರಸ್ತೆ

ಅಕ್ಟೋಬರ್ 5, ಭಾನುವಾರ

ವೇಣೂರಿನ ಒಳರಸ್ತೆಯೂ ಪಟ್ಟಿಯಿಂದ ಹೋಯಿತು. ಮೊದಲರ್ಧ ಚೆನ್ನಾಗಿತ್ತು — ನುಣ್ಣನೆಯ ಡಾಂಬರು, ಎರಡೂ ಬದಿ ಕಾಡು, ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಖುಷಿಯಲ್ಲೇ ತುಳಿಯುತ್ತಿದ್ದೆ. ತಿರುವಿನಲ್ಲಿ ಕೆಂಪುಕಲ್ಲಿನ ಲಾರಿ. ಅದರ ಬೆನ್ನಿಗೆ ಇನ್ನೊಂದು. ಸೈಕಲ್ ಸಮೇತ ಚರಂಡಿಗೆ ಇಳಿದು ನಿಂತೆ.

ನಮ್ಮ ಹೋಟೆಲನ್ನು ಹೆಂಡತಿ ಕಾಂತಿಯ ತಲೆಗೆ ಕಟ್ಟಿ, ಕಾರಿನ ಹಿಂದೆ ಸೈಕಲ್ ಬಿಗಿದುಕೊಂಡು, ಭಾನುವಾರವೆಲ್ಲ ರಸ್ತೆ ಹುಡುಕುವುದೇ ಕೆಲಸ. ಮಗಳು ಹಾಕಿದ ಷರತ್ತು ಒಂದೇ. "ಒಂದು ಗಾಡಿಯೂ ಬಾರದ ರಸ್ತೆ ಉಂಟಾದರೆ ಹೇಳಿ ಅಪ್ಪ. ಅಲ್ಲಿಯಾದರೆ ಸೈಕಲ್ ತುಳೀತೇನೆ." ಎಷ್ಟೋ ತಿಂಗಳ ನಂತರ ಸಾತ್ವಿಕಾ ತಾನಾಗಿ ಆಡಿದ ಮಾತು. ಹುಡುಕದೆ ಇರುವುದು ಹೇಗೆ.

ಜನವರಿಯದ್ದನ್ನು ಇಲ್ಲಿ ಬರೆಯಬಾರದು ಎಂದಿದ್ದೆ. ಒಮ್ಮೆ ಬರೆದು ಮುಗಿಸುತ್ತೇನೆ. ಫರಂಗಿಪೇಟೆ, ಹೈವೇ, ಬೆಳಗಿನ ಹೊತ್ತು. ಮುಂದೆ ಸಾತ್ವಿಕಾ, ಹಿಂದೆ ಅವಳ ಗೆಳತಿ ಹರ್ಷಿತಾ. ಇಬ್ಬರೂ ಮೂಡುಬಿದಿರೆಯಲ್ಲಿ ಒಂದೇ ಕ್ಲಾಸು, ಒಂದೇ ಸೈಕಲ್ ಟೀಮು. ಹಿಂದಿನಿಂದ ಟ್ಯಾಂಕರ್. ಹರ್ಷಿತಾ ಅಲ್ಲೇ ಹೋದಳು. ನನ್ನ ಮಗಳ ಕಾಲಿಗೆ ರಾಡ್ ಹಾಕಿದರು. ಕಾಲು ಈಗ ಸರಿಯಾಗಿದೆ. ಕಾಲು ಮಾತ್ರ.

ಅಕ್ಟೋಬರ್ 12, ಭಾನುವಾರ

ವಿಟ್ಲದ ಕಡೆ. ಗುಡ್ಡದ ಮೇಲಿನ ರಸ್ತೆ ಅಂದವಾಗಿತ್ತು, ಆದರೆ ರಿಕ್ಷಾ, ಪಿಕಪ್, ಯಾರದ್ದೋ ಹೊಸ ಮನೆಯ ಒಕ್ಕಲಿಗೆ ಹೊರಟ ವ್ಯಾನು...

ಮನೆಗೆ ಬಂದಾಗ ಸಾತ್ವಿಕಾ ಬಾಗಿಲಲ್ಲೇ ನಿಂತಿದ್ದಳು. ಗಾಡಿ ಬಂತಾ ಎಂದು ಕೇಳಿದಳು. ಬಂತು ಎಂದೆ. ರೂಮಿಗೆ ಹೋದಳು.

ಅಕ್ಟೋಬರ್ 19, ಭಾನುವಾರ

ಸಿಕ್ಕಿತು.

ನೆರಿಯದಿಂದ ಆಚೆ, ಕಾಡಿನ ಅಂಚಿಗೆ. ಹಳೆಯ ಸೇತುವೆಯನ್ನು ನೆರೆ ಕೊಂಡೊಯ್ದ ಮೇಲೆ ಹೊಳೆಯ ಈ ಬದಿಯಲ್ಲಿ ಹೊಸ ರಸ್ತೆ ಮಾಡಿದರಂತೆ. ಆ ಬದಿಯದ್ದು ಹಾಗೇ ಬಿದ್ದಿದೆ. ಡಾಂಬರಿನ ಅಂಚಿಗೆ ಪಾಚಿ, ನಡುವೆ ಮಾತ್ರ ಗಟ್ಟಿ. ಕಾರು ಕೆಳಗೆ ಬಿಟ್ಟು ಒಬ್ಬರೇ ನಡೆಯುವಷ್ಟು ಅಗಲದ ಕಾಲುಸಂಕದ ಮೇಲೆ ಸೈಕಲ್ ಹೊತ್ತು ಹೊಳೆ ದಾಟಬೇಕು. ಆಮೇಲೆ ಘಟ್ಟದ ಕಡೆಗೆ ಏರು, ತಿರುವು, ಮತ್ತೆ ಏರು. ಬೈಕೂ ಇಲ್ಲ. ನನ್ನ ಉಸಿರು ನನಗೇ ದೊಡ್ಡದಾಗಿ ಕೇಳುತ್ತಿತ್ತು.

ಮೇಲೆ ಒಂದೇ ಮನೆ. ಸೇಸಮ್ಮ ಎಂಬವರು, ಒಬ್ಬರೇ ಇರುವುದು. ರಸ್ತೆ ಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದರು. ನೀರು ಕೊಟ್ಟರು. ನಾನು ಕುಡಿಯುವಾಗ ರಸ್ತೆಯ ಕಡೆಗೇ ನೋಡುತ್ತಾ ತುಳುವಿನಲ್ಲಿ ಹೇಳಿದರು —

"ಮಗಳನ್ನು ಹಿಂದೆ ಬಿಟ್ಟು ಬಂದಿರಲ್ಲ. ಪಾಪ, ಎದ್ದು ನಿಂತು ತುಳೀತಾ ಉಂಟು ಆ ಮಗು."

ತಿರುಗಿ ನೋಡಿದೆ. ಖಾಲಿ ರಸ್ತೆ. ನನ್ನ ಜೊತೆ ಯಾರೂ ಬಂದಿಲ್ಲ ಎಂದೆ. ಸೇಸಮ್ಮ ನನ್ನನ್ನೊಮ್ಮೆ ನೋಡಿ ಹುಲ್ಲಿನ ಕಟ್ಟು ಎತ್ತಿಕೊಂಡರು.

ಅಕ್ಟೋಬರ್ 20, ಸೋಮವಾರ

ಸಾತ್ವಿಕಾ ಏರಿನಲ್ಲಿ ಎಂದೂ ಸೀಟಿನಿಂದ ಏಳುವವಳಲ್ಲ. ಕೂತೇ ತುಳಿಯುತ್ತಾಳೆ. ಎದ್ದು ನಿಂತು ತುಳಿಯುತ್ತಿದ್ದದ್ದು ಹರ್ಷಿತಾ. ಕೋಚ್ ಎಷ್ಟು ಬೈದರೂ ಬಿಟ್ಟಿರಲಿಲ್ಲ.

ಕಾಂತಿಗೆ ಹೇಳಿದೆ. ದೋಸೆ ಮಗುಚುತ್ತಿದ್ದವಳು ಹಾಗೇ ನಿಂತಳು. ದೋಸೆ ಕರಟಿತು. ಸಾತ್ವಿಕಾಳಿಗೆ ಹೇಳಬೇಡಿ ಎಂದಳು. ಹರ್ಷಿತಾಳ ತಾಯಿಯ ಕಿವಿಗಂತೂ ಬೀಳಲೇಬಾರದು, ವಿಜೇತಕ್ಕ ಈಗಷ್ಟೇ ಹೊಲಿಗೆ ಅಂಗಡಿ ಪುನಃ ತೆರೆದಿದ್ದಾರೆ ಎಂದಳು.

ನವೆಂಬರ್ 2, ಭಾನುವಾರ

ಒಬ್ಬನೇ ಪುನಃ ಹೋದೆ. ಸೇಸಮ್ಮನಿಗೆ ವಯಸ್ಸಾಗಿದೆ, ಕಣ್ಣು ಮಂಜು ಎಂದು ರುಜುವಾತು ಮಾಡಿಕೊಳ್ಳಲಿಕ್ಕೆ.

ಎರಡನೇ ತಿರುವು ದಾಟಿದ ಮೇಲೆ ಕೇಳಿತು. ಹಿಂದೆ, ಸ್ವಲ್ಪ ದೂರದಲ್ಲಿ — ಗೇರ್ ಬದಲಿಸಿದ ಸದ್ದು. ನನ್ನ ಸೈಕಲಿನದ್ದಲ್ಲ. ನಾನು ಗೇರ್ ಮುಟ್ಟಿರಲಿಲ್ಲ. ನಿಂತೆ. ಅದೂ ನಿಂತಿತು. ಯಾರದು ಎಂದು ಕೇಳಿದೆ. ಮರದಿಂದ ಎಲೆ ಬಿತ್ತು, ಅಷ್ಟೇ.

ಹೆದರಿಕೆ ಆಯಿತು. ಸುಳ್ಳು ಬರೆಯುವುದು ಯಾಕೆ. ಆದರೆ ಇಳಿಯುವಾಗ ತಿಳಿಯದೆಯೇ ಎಡಕ್ಕೆ ಸರಿದು ಬಲಬದಿಯಲ್ಲಿ ಜಾಗ ಬಿಟ್ಟಿದ್ದೆ. ಹರ್ಷಿತಾ ಇಳಿಜಾರಿನಲ್ಲಿ ಯಾವಾಗಲೂ ಓವರ್‌ಟೇಕ್ ಮಾಡುವವಳು.

ನವೆಂಬರ್ 9, ಭಾನುವಾರ

ಸಾತ್ವಿಕಾಳನ್ನು ಕರೆದುಕೊಂಡು ಹೋದೆ. ಏನೂ ಹೇಳದೆ. ತಪ್ಪೋ ಸರಿಯೋ... ರಸ್ತೆ ಸಿಕ್ಕಿದ್ದು ಗೊತ್ತಾದ ಮೇಲೆ ಅವಳೇ ಬಿಡಲಿಲ್ಲ.

ಸಂಕ ದಾಟಿದ ಮೇಲೆ ಎರಡೂ ಬ್ರೇಕ್ ಒತ್ತಿ ನೋಡಿ ಸೈಕಲ್ ಹತ್ತಿದಳು. ಮೊದಲ ಏರು ನಿಧಾನ. ಆಮೇಲೆ ಕಾಲಿಗೆ ಎಲ್ಲವೂ ನೆನಪಾಯಿತು. ಹಿಂದಿನಿಂದ ನೋಡುತ್ತಾ ನನ್ನ ಕಣ್ಣು ತುಂಬಿತು. ಎರಡನೇ ತಿರುವಿನ ನಂತರ ಅವಳು ತಲೆ ಸ್ವಲ್ಪ ವಾಲಿಸಿದಳು, ಪಕ್ಕದವರ ಮಾತಿಗೆ ಕಿವಿ ಕೊಟ್ಟ ಹಾಗೆ.

ಸೇಸಮ್ಮನ ಮನೆ ಮುಂದೆ ಇಳಿದು ನನ್ನ ಹತ್ತಿರ ಬಂದಳು. "ನಿಮಗೆ ಗೊತ್ತಿತ್ತಲ್ಲ ಅಪ್ಪ?"

ಗೊತ್ತಿತ್ತು ಎಂದೆ. ನೀನು ಲಾರಿಗೆ ಹೆದರಿ ಸೈಕಲ್ ಬಿಟ್ಟದ್ದು ಎಂದುಕೊಂಡಿದ್ದೆ ಎಂದೂ ಹೇಳಿದೆ.

"ಲಾರಿಗೆ ಅಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆ ನಮ್ಮ ಗೇಟಿನ ಹತ್ತಿರ ಸೈಕಲ್ ಹತ್ತಿದ್ದೆ. ಹಿಂದೆ ಹರ್ಷಿತಾಳ ಸೈಕಲಿನ ಸದ್ದು ಕೇಳಿತು. ಅಷ್ಟರಲ್ಲಿ ಬಸ್ಸು ಬಂತು, ಹೋಯಿತು. ಗಾಡಿ ಸದ್ದಿದ್ದರೆ ಅವಳದ್ದು ಕೇಳುದಿಲ್ಲ ಅಪ್ಪ. ಅದಕ್ಕೆ ಹೇಳಿದ್ದು, ಗಾಡಿ ಬಾರದ ರಸ್ತೆ ಬೇಕೂಂತ."

ನಾನು ಇಷ್ಟು ವಾರ ಹುಡುಕಿದ್ದು ಇದನ್ನು.

ನವೆಂಬರ್ 23, ಭಾನುವಾರ

ಹೊಟ್ಟೆ ತುಂಬ ಉಣ್ಣುತ್ತಾಳೆ. ಹಾಡುತ್ತಾಳೆ. ಕಾಂತಿಗೆ ಅಡುಗೆಮನೆಯಲ್ಲಿ ಸಹಾಯ ಮಾಡುತ್ತಾಳೆ. ಆದರೆ ಅದೆಲ್ಲ ಶನಿವಾರ ಮಾತ್ರ, ಮರುದಿನ ಆ ರಸ್ತೆ ಉಂಟೆಂದು. ಸೋಮವಾರದಿಂದ ಪುನಃ ರೂಮಿನ ಕಿಟಕಿ ಬದಿಯಲ್ಲಿ ಕೂರುವುದೇ. ಕಾಲೇಜಿಗೆಂದು ಹೊರಟವಳು ಬುಧವಾರ ಬಸ್ಸು ಹಿಡಿದು ನೆರಿಯದ ದಾರಿಯ ಕಕ್ಕಿಂಜೆವರೆಗೆ ಹೋಗಿದ್ದಳು. ಅಲ್ಲಿಂದ ನಡೆದು ಆ ರಸ್ತೆಗೆ. ಸೈಕಲ್ ಇಲ್ಲದೆ ಸುಮ್ಮನೆ ಕೂತು ಬಂದಳಂತೆ.

ಇವತ್ತು ಮೇಲೆ ಹೋದವಳು ಇಳಿಯಲು ಒಪ್ಪಲಿಲ್ಲ. ಮತ್ತೊಂದು ಸಲ, ಮತ್ತೊಂದು ಸಲ ಎಂದು ಏರು ಹತ್ತಿದಳು. ರಾಡ್ ಇರುವ ಕಾಲು ಬಾತಿತ್ತು. ನಾನು ಹ್ಯಾಂಡಲ್ ಹಿಡಿದು ನಿಲ್ಲಿಸಬೇಕಾಯಿತು. ನನ್ನನ್ನು ನೋಡಿದ ನೋಟ... ಗುರುತಿಲ್ಲದವರನ್ನು ನೋಡಿದ ಹಾಗೆ.

ಸೇಸಮ್ಮ ಅಂಗಳದಿಂದ ಎಲ್ಲ ನೋಡುತ್ತಿದ್ದರು. ಅವಳು ಕಾಲಿಗೆ ನೀರು ಹಾಕಲು ಹೋದಾಗ ನನ್ನನ್ನು ಬದಿಗೆ ಕರೆದರು.

"ಹೋದವಳಿಗೆ ಮನೆಗೆ ಬಾ ಅಂತ ಯಾರೂ ಹೇಳಲಿಲ್ಲ. ಅದಕ್ಕೆ ಇವಳ ಬೆನ್ನು ಹಿಡಿದದ್ದು. ಆ ಹುಡುಗಿಗೆ ತಾಯಿ ಇಲ್ಲವಾ?"

ಇದ್ದಾರೆ ಎಂದೆ.

"ಮತ್ತೆ ನೀವು ಕರೆದು ಏನು ಪ್ರಯೋಜನ?"

ನವೆಂಬರ್ 27, ಗುರುವಾರ, ಮಧ್ಯಾಹ್ನ

ನಾನು ಮೂಡುಬಿದಿರೆಗೆ, ಹರ್ಷಿತಾಳ ಮನೆಗೆ ಹೋಗಲು ಧೈರ್ಯ ಮಾಡಲಿಲ್ಲ. ಹೇಳಬೇಡಿ ಎಂದಿದ್ದ ಕಾಂತಿಯೇ ಫೋನ್ ಮಾಡಿದ್ದಾಳೆ. ಸಿದ್ಧಕಟ್ಟೆ ಮೇಲೆ ಬರುವ ಬಸ್ಸಿನಲ್ಲಿ ವಿಜೇತಾ ಹೋಟೆಲಿಗೇ ಬಂದರು. ಊಟದ ರಶ್ಶು. ಮೂಲೆಯ ಟೇಬಲಿನಲ್ಲಿ ಕೂತರು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು.

ಬೈಯುತ್ತಾರೆ ಎಂದುಕೊಂಡಿದ್ದೆ. ಅಳುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಎದ್ದು ನಿಂತು ತುಳಿಯುತ್ತಾಳಾ ಎಂದು ಕೇಳಿದರು. ಹೌದಂತೆ ಎಂದೆ. ಸುಸ್ತಾದ ಹಾಗೆ ಕಾಣುತ್ತದಾ ಎಂದು ಕೇಳಿದರು. ನಾನು ನೋಡಿಲ್ಲ, ಸದ್ದು ಮಾತ್ರ ಎಂದೆ.

ಟೀ ಮುಟ್ಟಲಿಲ್ಲ. ಹೋಗುವಾಗ ಹೇಳಿದರು — "ನನಗೆ ಸೈಕಲ್ ಬರುದಿಲ್ಲ ಲತೇಶಣ್ಣ. ನಡೀತೇನೆ. ಭಾನುವಾರ ಹೋಗುವ."

ನವೆಂಬರ್ 30, ಭಾನುವಾರ

ವಿಜೇತಾರನ್ನೂ ಕೂರಿಸಿಕೊಂಡು ಹೊರಟೆವು. ಸಂಕದ ಹತ್ತಿರ ಸಾತ್ವಿಕಾ ಕೇಳಿದಳು, "ಆಂಟಿ, ಅವಳನ್ನು ಕರಕೊಂಡು ಹೋಗ್ತೀರಾ?" ವಿಜೇತಾ ಅವಳ ತಲೆ ಸವರಿದರು. ನೀವಿಬ್ಬರು ಮುಂದೆ ಹೋಗಿ ಎಂದರು.

ಹೋದೆವು. ಎರಡನೇ ತಿರುವು. ಸದ್ದು ಬಂತು — ನನಗೂ ಕೇಳಿತು, ಸಾತ್ವಿಕಾಳಿಗೂ. ಅವಳು ತುಳಿಯುತ್ತಲೇ ಅಳುತ್ತಿದ್ದಳು. ಮೇಲಿನ ತಿರುವಿನಲ್ಲಿ ಇಳಿದು ಕಾದೆವು. ಕೆಳಗಿನಿಂದ ವಿಜೇತಾರ ಧ್ವನಿ. ಕೂಗಿದ್ದಲ್ಲ. ಶಾಲೆಯಿಂದ ಬಂದ ಮಗುವಿನ ಹತ್ತಿರ ಮಾತಾಡಿದ ಹಾಗೆ, ಮೆಲ್ಲಗೆ. ನಡುವೆ ನಿಲ್ಲಿಸುತ್ತಿದ್ದರು, ಉತ್ತರ ಕೇಳುವಷ್ಟು ಹೊತ್ತು. ಒಮ್ಮೆ ನಕ್ಕರು.

"ಅಪ್ಪ, ಈಗ ಕೇಳುದಿಲ್ಲ," ಎಂದಳು ಸಾತ್ವಿಕಾ. ನಾನೂ ಕಿವಿಗೊಟ್ಟೆ. ಹಕ್ಕಿ, ಹೊಳೆ. ಬೇರೇನೂ ಇಲ್ಲ.

ನಾವು ಇಳಿಯುವಾಗ ವಿಜೇತಾ ನಮಗಾಗಿ ನಿಲ್ಲದೆ ಸಂಕದ ಕಡೆ ನಡೆಯುತ್ತಿದ್ದರು. ರಸ್ತೆಯ ಒಂದೇ ಬದಿಯಲ್ಲಿ, ಬಲಗೈ ಸ್ವಲ್ಪ ಎತ್ತಿ ಹಿಡಿದು. ದಣಿದವರ ಸೈಕಲನ್ನು ನಾವು ತಳ್ಳಿಕೊಡುವಾಗ ಸೀಟಿನ ಮೇಲೆ ಕೈಯಿಡುತ್ತೇವಲ್ಲ, ಹಾಗೆ.

ಕಾರಿನ ಹಿಂದಿನ ಸೀಟಿನಲ್ಲಿ ಕಿಟಕಿಗೆ ಒತ್ತಿ ಕೂತರು. ಮೂಡುಬಿದಿರೆಯ ಅವರ ಮನೆ ಮುಂದೆ ಇಳಿದು, ಕಾರಿನ ಬಾಗಿಲು ಹಿಡಿದು ಇನ್ನೊಬ್ಬರು ಇಳಿಯುವಷ್ಟು ಹೊತ್ತು ನಿಂತರು. ಆಮೇಲೆ ಹಾಕಿದರು.

ಡಿಸೆಂಬರ್ 2, ಮಂಗಳವಾರ, ಸಂಜೆ

ಸಾತ್ವಿಕಾ ಇವತ್ತು ಗೇಟಿನಿಂದ ಪೇಟೆವರೆಗೆ ಸೈಕಲಿನಲ್ಲಿ ಹೋಗಿ ಬಂದಳು. ಬಸ್ಸು, ರಿಕ್ಷಾ ಎಲ್ಲದರ ಮಧ್ಯೆ. ಏನಾದರೂ ಕೇಳಿತಾ ಎಂದು ಕಾಂತಿ ಕೇಳಿದಳು. ಹಾರ್ನ್ ಮಾತ್ರ ಎಂದಳು. ಆಮೇಲೆ ತಾಯಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ತುಂಬ ಹೊತ್ತು. ಜನವರಿಯಲ್ಲಿ ಅಳದೆ ಉಳಿದದ್ದನ್ನೆಲ್ಲ.

ಈಗ ವಿಜೇತಾರ ಫೋನ್. ಸಾತ್ವಿಕಾ ಹೇಗಿದ್ದಾಳೆ ಎಂದು ಕೇಳಿದರು. ಹೇಳಿದೆ. ಒಳ್ಳೆದಾಯಿತು ಎಂದರು. ಅಂಗಡಿ ಎರಡು ದಿನದಿಂದ ತೆರೆದಿಲ್ಲವಂತೆ. ಮೈ ಹುಷಾರಿಲ್ಲವಾ ಎಂದು ಕೇಳಿದೆ.

"ಹುಷಾರುಂಟು. ಜಗಲಿ ಖಾಲಿ ಮಾಡಿದೆ ಲತೇಶಣ್ಣ. ಸೈಕಲ್ ಇಡ್ಲಿಕ್ಕೆ ಜಾಗ ಬೇಕಲ್ಲ."

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅವರೂ ಫೋನ್ ಇಡಲಿಲ್ಲ. ಆಗ ಆ ಕಡೆಯಿಂದ, ಅವರ ಉಸಿರಿನ ಹಿಂದೆ, ಗೇರ್ ಬದಲಿಸಿದ ಸದ್ದು ಕೇಳಿತು.